ದೂರದ ಓಟಗಾರರ ಗಾಯ ಮತ್ತು ಬಳಲಿಕೆ: ಒಂದೂವರೆ ಶತಮಾನದ ಅಧ್ಯಯನ

ದೂರದ ಓಟಗಾರರನ್ನು ಕಾಡುವ ಗಾಯಗಳ ಕುರಿತಾದ ವೈದ್ಯಕೀಯ ತಿಳಿವಳಿಕೆಯ ಮೊದಲ ಎಳೆ ಸಿಗುವುದು ಹತ್ತೊಂಬತ್ತನೆಯ ಶತಮಾನದ ಸೈನ್ಯದ ಪಾಳೆಯಗಳಲ್ಲಿ. 1855ರಲ್ಲಿ ಪ್ರಶ್ಯದ ಸೇನಾ ವೈದ್ಯ ಬ್ರೈಟ್‌ಹೌಪ್ಟ್ ಅವರು ಸೈನಿಕರ ಪಾದಗಳು ಯಾವ ಪೆಟ್ಟೂ ಬೀಳದೆ ಊದಿಕೊಂಡು ನೋಯುವುದನ್ನು ದಾಖಲಿಸಿದರು. 1895ರಲ್ಲಿ ಎಕ್ಸ್-ರೇ ಪತ್ತೆಯಾಗಿ, ಅದಾದ ಎರಡು ವರ್ಷಕ್ಕೆ ಅಂಥ ಪಾದಗಳ ಚಿತ್ರ ತೆಗೆದಾಗಲಷ್ಟೇ ಬೆರಳುಗಳ ಹಿಂದಿನ ನೀಳ ಎಲುಬುಗಳಲ್ಲಿ ಬಿರುಕು ಇರುವುದು ಖಚಿತವಾಯಿತು. ಎಲುಬು ತನ್ನ ಸವೆದ ಭಾಗವನ್ನು ಕರಗಿಸಿ ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಕಟ್ಟುವ ವೇಗಕ್ಕಿಂತ ಸವೆಯುವ ವೇಗ ಹೆಚ್ಚಾದರೆ ಸಾವಿರಾರು ಸಣ್ಣ ಹೊಡೆತಗಳು ಸೇರಿ ಅದು ಬಿರಿಯುತ್ತದೆ. ಇಂದು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನಲಾಗುವ ಈ ಗಾಯದ ವಿವರಣೆಯಲ್ಲೇ ಮುಂದಿನ ಚರ್ಚೆಯ ಬೀಜವಿದೆ: ಹೊರೆ ಎಷ್ಟು, ಬಿಡುವು ಎಷ್ಟು.

ಎಲುಬಿನ ದಣಿವಿಗೆ ಹೀಗೆ ಸಾಕ್ಷ್ಯ ದೊರೆತರೂ ಓಟಗಾರರ ಮನಸ್ಸಿನ ದಣಿವನ್ನು ಗುರುತಿಸುವ ಕ್ರಮ ಬಹುಕಾಲ ಬೆಳೆಯಲಿಲ್ಲ. ಜಪಾನಿನ ಕೋಕಿಚಿ ತ್ಸುಬುರಾಯ ಅವರು 1964ರ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಎರಡನೆಯವರಾಗಿ ಕ್ರೀಡಾಂಗಣ ಹೊಕ್ಕು, ಅಲ್ಲಿ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಅವರು ದಾಟಿಹೋದುದರಿಂದ ಕಂಚಿಗೆ ಇಳಿದರು. ಆ ಪದಕವನ್ನೇ ಸೋಲೆಂದು ಬಗೆದು, ಮುಂದಿನ ಒಲಿಂಪಿಕ್ಸ್‌ನಲ್ಲಿ ಅದನ್ನು ಸರಿಪಡಿಸುವ ಹೊಣೆ ಹೊತ್ತು, ಬೆನ್ನಿನ ಶಸ್ತ್ರಚಿಕಿತ್ಸೆಗೂ ಒಳಗಾದ ಅವರು 1968ರ ಜನವರಿಯಲ್ಲಿ, 27ನೆಯ ವಯಸ್ಸಿನಲ್ಲಿ, ತಮ್ಮ ಬದುಕನ್ನು ಕೊನೆಗಾಣಿಸಿಕೊಂಡರು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲವಾದರೂ, ಬೆನ್ನಿಗೆ ವೈದ್ಯರಿದ್ದ ಆ ಕಾಲದಲ್ಲಿ ಉಳಿದ ಸಂಕಟಕ್ಕೆ ಕ್ರೀಡಾಲೋಕದಲ್ಲಿ ಯಾವ ವ್ಯವಸ್ಥೆಯೂ ಇರಲಿಲ್ಲ ಎಂಬುದನ್ನು ಇಂದಿಗೂ ನೋವಿನಿಂದಲೇ ನೆನೆಯಬೇಕಾಗಿದೆ.

ಆ ಕೊರತೆಯನ್ನು ತುಂಬುವ ಕೆಲಸ ಕ್ರೀಡೆಯ ಹೊರಗೆ ಶುರುವಾಯಿತು. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅವರು 1974ರಲ್ಲಿ, ಉಚಿತ ಚಿಕಿತ್ಸಾಲಯಗಳಲ್ಲಿ ಆಸಕ್ತಿಯಿಂದ ದುಡಿಯುತ್ತಿದ್ದವರೇ ಕ್ರಮೇಣ ಬತ್ತಿಹೋಗುವ ಸ್ಥಿತಿಯನ್ನು ಬರ್ನ್‌ಔಟ್ ಎಂದು ಗುರುತಿಸಿದರು. 1986ರಲ್ಲಿ ರೊನಾಲ್ಡ್ ಸ್ಮಿತ್ ಅವರು ಆ ಕಲ್ಪನೆಯನ್ನು ಕ್ರೀಡಾಪಟುಗಳಿಗೆ ಅನ್ವಯಿಸಿದರು. 2001ರಲ್ಲಿ ರೇಡೆಕ್ ಮತ್ತು ಸ್ಮಿತ್ (ಇವರು ರೊನಾಲ್ಡ್ ಸ್ಮಿತ್ ಅಲ್ಲ) ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಶ್ನಾವಳಿ ಇದನ್ನು ಮೂರು ಮುಖಗಳಲ್ಲಿ ಅಳೆಯುತ್ತದೆ: ದೇಹ ಮತ್ತು ಭಾವನೆ ಎರಡೂ ಬರಿದಾಗುವುದು, ಎಷ್ಟು ಮಾಡಿದರೂ ಏನೂ ಸಾಧಿಸಿಲ್ಲವೆನಿಸುವುದು, ಒಂದು ಕಾಲಕ್ಕೆ ಪ್ರಾಣದಂತಿದ್ದ ಆಟವೇ ಬೆಲೆಯಿಲ್ಲದ್ದಾಗಿ ತೋರುವುದು. ಈ ಮೂರನೆಯ ಮುಖವೇ ಬರ್ನ್‌ಔಟನ್ನು ಸಾಮಾನ್ಯ ಸುಸ್ತಿನಿಂದ ಬೇರ್ಪಡಿಸುತ್ತದೆ. ಸುಸ್ತಾದ ಓಟಗಾರ ನಿದ್ದೆ ಮಾಡಿ ಎದ್ದು ಓಡಲು ಬಯಸುತ್ತಾನೆ, ಬರ್ನ್‌ಔಟ್ ಆದವನಿಗೆ ಬೂಟು ಕಟ್ಟಿಕೊಳ್ಳುವ ಮನಸ್ಸೇ ಬರುವುದಿಲ್ಲ.

ಇದೇ ಅವಧಿಯಲ್ಲಿ ಗಾಯದ ಚಿಕಿತ್ಸೆಯೂ ದಿಕ್ಕು ಬದಲಿಸಿತು. 1978ರಲ್ಲಿ ಗೇಬ್ ಮಿರ್ಕಿನ್ ಅವರು ಜನಪ್ರಿಯಗೊಳಿಸಿದ ವಿಶ್ರಾಂತಿ, ಐಸ್, ಪಟ್ಟಿ ಬಿಗಿಯುವುದು, ಕಾಲನ್ನು ಎತ್ತರಿಸಿ ಇಡುವುದು ಎಂಬ ಸೂತ್ರ ದಶಕಗಳ ಕಾಲ ನಡೆದು, ಕೊನೆಗೆ ಐಸ್ ಮತ್ತು ಸಂಪೂರ್ಣ ವಿಶ್ರಾಂತಿ ಚೇತರಿಕೆಯನ್ನು ತಡಮಾಡಬಹುದೆಂದು ಅವರೇ ಬರೆದರು. ಇದಕ್ಕಿಂತ ದೊಡ್ಡ ತಿರುವು ಸ್ವೀಡನ್‌ನಿಂದ ಬಂತು. ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಅಕಿಲೀಸ್ ಸ್ನಾಯುರಜ್ಜುವಿನ ದೀರ್ಘಕಾಲದ ನೋವಿಗೆ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಸೂಚಿಸಿದ್ದು ಕೆಲಸವನ್ನೇ: ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ನೋಯುವ ಕಾಲಿನ ಮೇಲೆ ಭಾರ ಹಾಕಿ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಮೇಲೇರಲು ಇನ್ನೊಂದು ಕಾಲನ್ನು ಬಳಸುವುದು, ಮಂಡಿ ನೇರವಿಟ್ಟು 15ರಂತೆ ಮೂರು ಸಲ, ಮಂಡಿ ಬಗ್ಗಿಸಿ ಅಷ್ಟೇ, ದಿನಕ್ಕೆ ಎರಡು ಹೊತ್ತು, 12 ವಾರ. ಚಿಕಿತ್ಸೆ ಪಡೆದ 15 ಮಂದಿಯೂ ಗಾಯಕ್ಕೆ ಮೊದಲಿನಂತೆ ಓಡತೊಡಗಿದರು. ಇಷ್ಟು ಸಣ್ಣ ಗುಂಪಿನ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಗಾಯಗೊಂಡ ಅಂಗಕ್ಕೆ ಅಳತೆಯ ಹೊರೆಯೇ ಔಷಧವಾಗಬಲ್ಲದೆಂಬ ವಿಚಾರ ನೆಲೆಗೊಂಡಿತು.

ಆದರೆ ಅಳತೆ ಯಾವುದು? ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಓಟವನ್ನು ಏರಿಸಬಾರದೆಂಬ ಪ್ರಚಲಿತ ನಿಯಮವನ್ನು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ 532 ಹೊಸ ಓಟಗಾರರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮ ಪಾಲಿಸಿದ ಗುಂಪಿನ ಶೇ. 20.8 ಮಂದಿಯೂ ಬೇಗ ಏರಿಸಿದ ಗುಂಪಿನ ಶೇ. 20.3 ಮಂದಿಯೂ ಗಾಯಗೊಂಡರು. ಕಿಲೋಮೀಟರ್ ಒಂದನ್ನೇ ಎಣಿಸುವ ಲೆಕ್ಕಾಚಾರ ಅಪೂರ್ಣವೆಂಬ ಅನುಮಾನಕ್ಕೆ ಇದರಿಂದ ಬಲ ಬಂತು.

ಗಾಯವನ್ನು ದೇಹಕ್ಕೂ ಬಳಲಿಕೆಯನ್ನು ಮನಸ್ಸಿಗೂ ಹಂಚಿಕೊಟ್ಟ ಹಳೆಯ ವಿಂಗಡಣೆ ಓಟಗಾರರಿಗೆ ಉಪಕಾರ ಮಾಡಲಿಲ್ಲ. ಆಂಡರ್ಸನ್ ಮತ್ತು ವಿಲಿಯಮ್ಸ್ ಅವರು 1988ರಲ್ಲೇ, ಬದುಕಿನ ಒತ್ತಡ ಗಮನವನ್ನು ಕುಗ್ಗಿಸಿ ಸ್ನಾಯುಗಳನ್ನು ಬಿಗಿಸುವುದರಿಂದ ಗಾಯದ ಸಂಭವ ಹೆಚ್ಚುತ್ತದೆಂದು ವಾದಿಸಿದ್ದರು. ಬ್ರೂವರ್ ಅವರು 1993ರಲ್ಲಿ ಇನ್ನೊಂದು ದಿಕ್ಕಿನಿಂದ, ತಾನು ಓಟಗಾರ ಎಂಬುದರಲ್ಲೇ ತನ್ನ ಸಂಪೂರ್ಣ ಗುರುತನ್ನು ಕಂಡುಕೊಂಡವರು ಗಾಯದ ದಿನಗಳಲ್ಲಿ ಹೆಚ್ಚು ಕುಸಿಯುವ ಅಪಾಯವಿದೆಯೆಂದು ತೋರಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ವ್ಯಾಯಾಮಕ್ಕೆ ವ್ಯಯಿಸಿ ಉಳಿದ ಶಕ್ತಿ ದೇಹದ ನಿತ್ಯದ ಕೆಲಸಕ್ಕೆ ಸಾಲದಾಗ ಎಲುಬು, ಹಾರ್ಮೋನು, ರೋಗನಿರೋಧಕ ಶಕ್ತಿ, ಮನಃಸ್ಥಿತಿ ಎಲ್ಲವೂ ಒಟ್ಟಿಗೆ ಕೆಡುತ್ತವೆಂದು ವಿವರಿಸಿ, ಸ್ತ್ರೀಯರಿಗೆ ಸೀಮಿತವೆಂದು ತಿಳಿದಿದ್ದ ಈ ತೊಂದರೆ ಪುರುಷರಲ್ಲೂ ಇದೆಯೆಂದು ಹೇಳಿದರು. ಕಡಿಮೆ ಉಂಡು ಹೆಚ್ಚು ಓಡುವ ಓಟಗಾರರ ಸ್ಟ್ರೆಸ್ ಫ್ರ್ಯಾಕ್ಚರ್ ಮತ್ತು ನಿರುತ್ಸಾಹ, ಈ ವಿವರಣೆಯ ಪ್ರಕಾರ, ಒಂದೇ ಬೇರಿನವಾಗಿರಬಹುದು.

ವಾರಗಳ ವಿಶ್ರಾಂತಿಯಿಂದಲೂ ಓಟ ಸುಧಾರಿಸದ ಅತಿತರಬೇತಿಯ ಸ್ಥಿತಿಯನ್ನು ಪತ್ತೆಹಚ್ಚಲು ಒಂದೇ ಒಂದು ರಕ್ತಪರೀಕ್ಷೆಯೂ ಈವರೆಗೆ ಸಿಕ್ಕಿಲ್ಲ. ಬೇರೆ ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕಿಯೇ ವೈದ್ಯರು ಆ ನಿರ್ಣಯಕ್ಕೆ ಬರಬೇಕಾಗಿದೆ. ಆದ್ದರಿಂದಲೇ ಕಾರ್ಲ್ ಫಾಸ್ಟರ್ ಅವರು ರೂಪಿಸಿದ ಸರಳ ಅಳತೆ ಇಂದಿಗೂ ಬಳಕೆಯಲ್ಲಿದೆ: ಓಟ ಮುಗಿದ ಅರ್ಧ ಗಂಟೆಯ ನಂತರ ಅದು ಎಷ್ಟು ಕಷ್ಟವಾಯಿತೆಂದು 0ಯಿಂದ 10ರವರೆಗಿನ ಅಂಕ ಕೊಟ್ಟು, ಅದನ್ನು ಓಡಿದ ನಿಮಿಷಗಳಿಂದ ಗುಣಿಸುವುದು. ಮಾಮೂಲಿ ದಿನ 5 ಅಂಕದ 60 ನಿಮಿಷದ ಓಟ 300ರ ಹೊರೆಯಾದರೆ, ನಿದ್ದೆಗೆಟ್ಟ, ಕಚೇರಿಯ ಚಿಂತೆ ತಲೆಗೇರಿದ ದಿನ ಅದೇ ಓಟ 8 ಅಂಕ ಪಡೆದು 480 ಆಗುತ್ತದೆ. ಎರಡೂ ದಿನ ಕ್ರಮಿಸಿದ ದೂರ ಒಂದೇ ಆಗಿರುವುದರಿಂದ, ಕಿಲೋಮೀಟರ್‌ಗಳನ್ನಷ್ಟೇ ಬರೆದಿಡುವ ದಿನಚರಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.