ನಿಯಮಗಿರಿ

ಒಡಿಶಾದ ರಾಯಗಡ ಮತ್ತು ಕಾಳಾಹಾಂಡಿ ಜಿಲ್ಲೆಗಳಲ್ಲಿ ಹಬ್ಬಿರುವ ಬೆಟ್ಟಸಾಲು. ಡೋಂಗ್ರಿಯಾ ಕೊಂಧ ಆದಿವಾಸಿಗಳ ನೆಲೆ, ಅವರ ದೈವ ನಿಯಮರಾಜನ ಸ್ಥಾನ. ಗಣಿಗಾರಿಕೆಗೆ ಒಪ್ಪುವ ಅಥವಾ ನಿರಾಕರಿಸುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಭಾರತದಲ್ಲಿ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ಇಲ್ಲಿ.

ಬೆಟ್ಟದ ನೆತ್ತಿಯಲ್ಲಿರುವುದು ಬಾಕ್ಸೈಟ್, ಅಲ್ಯೂಮಿನಿಯಂನ ಅದಿರು. ಅದೇ ಪದರ ಮಳೆನೀರನ್ನು ಹಿಡಿದಿಟ್ಟು ತೊರೆಗಳಿಗೆ ಬಿಡುತ್ತದೆ. ವಂಶಧಾರಾ ನದಿಯ ಮೂಲವೂ ಈ ಬೆಟ್ಟಗಳಲ್ಲೇ ಇದೆ. ಇಳಿಜಾರುಗಳಲ್ಲಿ ಡೋಂಗ್ರಿಯಾಗಳು ಸಿರಿಧಾನ್ಯ, ಅನಾನಸು, ಅರಿಸಿನ, ಶುಂಠಿ, ಹಲಸು ಬೆಳೆದು ತಪ್ಪಲಿನ ಸಂತೆಗಳಲ್ಲಿ ಮಾರುತ್ತಾರೆ. ಗಣಿ ಬಂದರಷ್ಟೇ ಇಲ್ಲಿ ಆರ್ಥಿಕತೆ ಹುಟ್ಟುತ್ತದೆ ಎಂಬ ವಾದ ಈ ಸಂತೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಈ ಬಾಕ್ಸೈಟ್ ನಂಬಿ ವೇದಾಂತ ಕಂಪನಿ ಗಣಿಯ ಅನುಮತಿಗೆ ಮೊದಲೇ ತಪ್ಪಲಿನ ಲಾಂಜಿಗಡದಲ್ಲಿ ಅಲ್ಯೂಮಿನಾ ಸಂಸ್ಕರಣಾಗಾರ ಕಟ್ಟಿತ್ತು. ತಾನೇ ನೇಮಿಸಿದ್ದ ಎನ್.ಸಿ. ಸಕ್ಸೇನಾ ಸಮಿತಿಯ ವರದಿಯ ನಂತರ, 2010ರ ಆಗಸ್ಟ್‌ನಲ್ಲಿ, ಕೇಂದ್ರ ಪರಿಸರ ಸಚಿವಾಲಯ ಗಣಿಗೆ ಅರಣ್ಯ ಅನುಮತಿ ನಿರಾಕರಿಸಿತು.

ಆ ನಿರಾಕರಣೆಯನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗಳ ಅಭಿಪ್ರಾಯ ಪಡೆಯುವಂತೆ ಹೇಳಿತು. ನ್ಯಾಯಾಧೀಶರ ಸಮ್ಮುಖದಲ್ಲಿ 12 ಹಳ್ಳಿಗಳು ಸೇರಿದವು.

ಹನ್ನೆರಡೂ ಬೇಡವೆಂದವು.

2014ರ ಜನವರಿಯಲ್ಲಿ ಸಚಿವಾಲಯ ಯೋಜನೆಯನ್ನು ತಿರಸ್ಕರಿಸಿತು. ಸಂಸ್ಕರಣಾಗಾರ ಮಾತ್ರ ಬೇರೆಡೆಯ ಬಾಕ್ಸೈಟ್‌ನಿಂದ ನಡೆಯುತ್ತಿದೆ; ಅದಕ್ಕಾಗಿ ಜಮೀನು ಬಿಟ್ಟುಕೊಟ್ಟ ತಪ್ಪಲಿನ ಕುಟುಂಬಗಳಿಗೆ ಇಂಥ ಮತದ ಅವಕಾಶ ಸಿಕ್ಕಿರಲಿಲ್ಲ.