ರೇಡಿಯೋದಿಂದ ಹೊರಬಿದ್ದ ಪೇಟಿ

ಭಜನೆಗೆ ಬೇಕು, ಪಾರಿಜಾತಕ್ಕೆ ಬೇಕು, ಕಂಪನಿ ನಾಟಕಕ್ಕಂತೂ ಬೇಕೇ ಬೇಕು. ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲಿ ಪೇಟಿ ಇಲ್ಲದೆ ಹಾಡು ಏಳುವುದಿಲ್ಲ. ಅದೇ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಆಗಿನ ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ 1ರಿಂದ ಬಾಗಿಲು ಹಾಕಿತು. ಆ ಬಾಗಿಲು ಒಂಚೂರು ತೆರೆದದ್ದು 1971ರಲ್ಲಿ.

ಅದು ಮಾಡಿದ ತಪ್ಪೇನು?

ಪೇಟಿ ಬಿಚ್ಚಿ ನೋಡಿದವರಿಗೆ ಗೊತ್ತು, ಒಳಗೆ ಒಂದೊಂದು ಮನೆಗೂ ಹಿತ್ತಾಳೆಯ ನಾಲಿಗೆ ಇರುತ್ತದೆ. ಅದನ್ನು ಕೂರಿಸಿದ ಮೇಲೆ ಸ್ವರ ಗಟ್ಟಿ, ಅಲುಗುವುದಿಲ್ಲ. ಒಂದು ಸಪ್ತಕವನ್ನು 12 ಸಮಪಾಲು ಮಾಡಿ ಆ ಮನೆಗಳನ್ನು ಶ್ರುತಿ ಮಾಡುತ್ತಾರೆ. ತೊಂದರೆ ಅಲ್ಲೇ. ಲೆಕ್ಕಕ್ಕೆ ‘ಸಾ’ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಳ್ಳಿ. ತಂಬೂರಿಯ ಸಾ ತಂತಿಯೊಳಗೇ ಕೇಳಿಬರುವ ಸಹಜ ಗಾಂಧಾರವನ್ನು ಈ ಸಪ್ತಕಕ್ಕೆ ಇಳಿಸಿದರೆ 300 ಆಗುತ್ತದೆ. ಪೇಟಿಯ ಗಾಂಧಾರ 302.4. ಎರಡನ್ನೂ ಒಟ್ಟಿಗೆ ನುಡಿಸಿದರೆ ಸದ್ದು ಸೆಕೆಂಡಿಗೆ ಎರಡು ಸಲಕ್ಕಿಂತ ಹೆಚ್ಚು ಏರಿಳಿಯುತ್ತದೆ. ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್ ಅಂತರ ಎಂದು ಅಳೆಯುವ ಪದ್ಧತಿಯಲ್ಲಿ ಈ ವ್ಯತ್ಯಾಸ ಸುಮಾರು 14 ಸೆಂಟ್. ಪಳಗಿದ ಕಿವಿಗೆ ಐದಾರು ಸೆಂಟ್ ಕೂಡ ಗೊತ್ತಾಗುತ್ತದೆ. ಹಾಗಾಗಿ ಗವಾಯಿಗಳ ದೂರು ಬರೀ ಜಂಬವಲ್ಲ.

ಭರತನ ನಾಟ್ಯಶಾಸ್ತ್ರ ಸಪ್ತಕಕ್ಕೆ 22 ಶ್ರುತಿ ಎನ್ನುತ್ತದೆ. ಅದನ್ನೇ ‘ಕಾಲು ಸ್ವರ’ ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಪಾಶ್ಚಾತ್ಯರ ಕಾಲು ಸ್ವರವೆಂದರೆ ಸಪ್ತಕವನ್ನು 24 ಸಮಪಾಲು ಮಾಡಿದ್ದು. ನಮ್ಮದು ಅಷ್ಟು ಅಚ್ಚುಕಟ್ಟಲ್ಲ. ದರ್ಬಾರಿ ಕಾನಡಾದ ಕೋಮಲ ಗಾಂಧಾರ ಒಂದು ಕಡೆ ನಿಲ್ಲುವುದೇ ಇಲ್ಲ, ತೂಗಾಡುತ್ತದೆ. ಪೇಟಿಯ ಮನೆ ತೂಗಾಡೀತೇ? ನನ್ನ ಪ್ರಕಾರ 14 ಸೆಂಟಿಗಿಂತ ಇದೇ ದೊಡ್ಡ ಕೊರತೆ.

ರಿಪೇರಿಗೂ ಜನ ಕೈಹಾಕಿದ್ದರು. ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಕ್ಲೆಮೆಂಟ್ಸ್ ಸೇರಿ ಕಳೆದ ಶತಮಾನದ ಆರಂಭದಲ್ಲಿ ‘ಶ್ರುತಿ ಹಾರ್ಮೋನಿಯಂ’ ಮಾಡಿಸಿದರು. ದೇವಲರ ಪ್ರಯೋಗಗಳಿಗೆ ದನಿ ಕೊಟ್ಟವರು ಅಬ್ದುಲ್ ಕರೀಂ ಖಾನರು, ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರು. ಆ ಪೇಟಿ ಊರೂರಿಗೆ ಹಬ್ಬಲಿಲ್ಲ.

ನಿಷೇಧಕ್ಕೆ ಮುಂಚೆ ಪೇಟಿಯ ವಿರುದ್ಧ ಜೋರಾಗಿ ಬರೆದವರು ಜಾನ್ ಫೋಲ್ಡ್ಸ್. ದೆಹಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ನೋಡಿಕೊಳ್ಳುತ್ತಿದ್ದ ಇಂಗ್ಲಿಷಿನವರು, ತಮ್ಮ ರಚನೆಗಳಲ್ಲಿ ಕಾಲು ಸ್ವರ ಬಳಸಿದ್ದವರು. 1939ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು, ನಿಷೇಧ ನೋಡಲಿಲ್ಲ. ರವೀಂದ್ರನಾಥ ಟ್ಯಾಗೋರರಿಗೂ ಪೇಟಿ ಆಗುತ್ತಿರಲಿಲ್ಲ. ಇವರೆಲ್ಲ ದೊಡ್ಡವರೇ, ಕಿವಿಯೂ ಸೂಕ್ಷ್ಮವೇ. ಆದರೆ ಪೇಟಿ ನಂಬಿ ಹೊಟ್ಟೆ ಹೊರೆಯುತ್ತಿದ್ದವರನ್ನು ಕೇಳಿದವರಾರು? ರೇಡಿಯೋದ ಸಂಭಾವನೆಯೂ ಇಲ್ಲ, ಹೆಸರೂ ಇಲ್ಲ. ಅತ್ತ ಬಯಲಿನ ಕಛೇರಿಗಳಲ್ಲಿ ಗವಾಯಿಗಳ ಪಕ್ಕದಲ್ಲಿ ಪೇಟಿ ಕೂತೇ ಇತ್ತು!

ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥವರು ಅದೇ ಪೇಟಿಯಲ್ಲಿ ಜೀವಮಾನ ಕಳೆದು ಹೆಸರಾದರು. ಒಳ್ಳೆಯ ಪೇಟಿ ಮಾಸ್ತರರ ಕೈ ಗಮನಿಸಿ. ಗವಾಯಿ ತೂಗಾಡುವ ಸ್ವರಕ್ಕೆ ಬಂದಾಗ ಇವರು ಆ ಮನೆಯನ್ನು ಒತ್ತಿ ಹಿಡಿಯುವುದಿಲ್ಲ. ಮುಟ್ಟಿದಂತೆ ಮಾಡಿ ದಾಟುತ್ತಾರೆ, ತಿದಿಯ ಗಾಳಿಯನ್ನೂ ಸಣ್ಣ ಮಾಡುತ್ತಾರೆ.

ನೀವೂ ಪರೀಕ್ಷೆ ಮಾಡಬಹುದು. ಫೋನಿನಲ್ಲಿ ತಂಬೂರಿ ಆ್ಯಪ್ ಹಚ್ಚಿ, ಅದರ ಸಾ ಮತ್ತು ಭಜನೆ ಪೇಟಿಯ ಸಾ ಒಂದೇ ಮಾಡಿಕೊಳ್ಳಿ. ಈಗ ಪೇಟಿಯ ಶುದ್ಧ ಗಾಂಧಾರ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳಿ.