ಸದ್ದಡಗಿದ ಮೇಲಿನ ದನಿ

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಕೊನೆಗೆ ಮಾಲತೇಶಸ್ವಾಮಿಯ ಕಾರಣಿಕ ನಡೆಯುತ್ತದೆ. ನೆರೆದ ಸಾವಿರಾರು ಜನರ ನಡುವೆ ಗೊರವಯ್ಯನು ಎತ್ತರವಾದ ಬಿಲ್ಲನ್ನೇರುತ್ತಾನೆ. ಏರಿದೊಡನೆಯೇ ಕಾರಣಿಕ ನುಡಿಯುವುದಿಲ್ಲ, ಮೊದಲು ‘ಸದ್ದಲೇ!’ ಎಂದು ಕೂಗುತ್ತಾನೆ. ಅಷ್ಟು ಹೊತ್ತೂ ಮೊರೆಯುತ್ತಿದ್ದ ಜಾತ್ರೆ ಒಮ್ಮೆಗೇ ಸ್ತಬ್ಧವಾಗುತ್ತದೆ. ಆ ಮೌನದಲ್ಲಿ ಒಂದೇ ಒಂದು ವಾಕ್ಯ ಹೊರಬರುತ್ತದೆ. ಜನರು ಅದರಲ್ಲಿ ಮಳೆ, ಬೆಳೆ, ರಾಜಕೀಯಗಳ ಅರ್ಥವನ್ನು ಹುಡುಕುತ್ತ ಮನೆಗೆ ಮರಳುತ್ತಾರೆ.

ಕಾರಣಿಕದ ಸತ್ಯಾಸತ್ಯತೆ ಇಲ್ಲಿ ನನ್ನ ವಿಷಯವಲ್ಲ. ದನಿಯನ್ನು ಹಿಡಿದಿಡಬೇಕೆನ್ನುವವನು ಮೊದಲು ಸದ್ದನ್ನು ಅಡಗಿಸಬೇಕೆಂಬ ಪಾಠವನ್ನು ಗೊರವಯ್ಯ ಯಂತ್ರದ ನೆರವಿಲ್ಲದೆಯೇ ಬಲ್ಲವನಾಗಿದ್ದಾನೆ ಎಂಬುದಷ್ಟೇ ನನ್ನ ಮಾತು. ಇಂದು ಮನೆಯ ಕಂಪ್ಯೂಟರಿನ ಮುಂದೆ ಮೈಕು ಇಟ್ಟುಕೊಂಡು ಭಜನೆಯನ್ನೋ ಸೋಬಾನೆಯನ್ನೋ ಮುದ್ರಿಸಿಕೊಳ್ಳುವವರು ನಮ್ಮ ಕಡೆ ಕಡಿಮೆಯೇನಿಲ್ಲ. ಮುದ್ರಿಸಿದ್ದನ್ನು ಕೇಳಿದಾಗ ನಿರಾಶೆಯಾಗುವುದೂ ಅಪರೂಪವಲ್ಲ. ಅದಕ್ಕೆ ಪರಿಹಾರವನ್ನು ಯಂತ್ರದಲ್ಲಿಯೇ ಹುಡುಕುವ ಮೊದಲು ಹಿಂದಿನವರು ಪಟ್ಟ ಪಾಡನ್ನು ತುಸು ನೋಡುವುದು ಒಳ್ಳೆಯದು.

ಶಿಶುನಾಳ ಷರೀಫರ ಊರು ಈಗಿನ ಹಾವೇರಿ ಜಿಲ್ಲೆಗೆ ಸೇರಿದೆ. ಅವರ ಕಾಲ ೧೮೧೯ರಿಂದ ೧೮೮೯. ಅಮೆರಿಕೆಯ ಎಡಿಸನ್ ತನ್ನ ಮಾತಿನ ಯಂತ್ರವನ್ನು ಕಂಡುಹಿಡಿದದ್ದು ೧೮೭೭ರಲ್ಲಿ. ಅಂದರೆ ಷರೀಫರ ಬಾಳಿನ ಕೊನೆಯ ಹನ್ನೆರಡು ವರ್ಷ ಆ ಯಂತ್ರ ಜಗತ್ತಿನಲ್ಲಿ ಇದ್ದೇ ಇತ್ತು. ಆದರೆ ಅದು ಶಿಶುನಾಳಕ್ಕೆ ಬರಲಿಲ್ಲ. ಅವರ ಪದಗಳು ಬಾಯಿಂದ ಬಾಯಿಗೆ ಬಂದು ಉಳಿದವು. ಅವರ ದನಿ ಮಾತ್ರ ಹೇಗಿತ್ತೆಂಬುದು ನಮಗೆ ತಿಳಿಯುವಂತಿಲ್ಲ.

ಭಾರತಕ್ಕೆ ಧ್ವನಿಮುದ್ರಣದ ವ್ಯಾಪಾರ ಬಂದುದು ೧೯೦೨ರಲ್ಲಿ. ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನರ ಹಾಡನ್ನು ಮುದ್ರಿಸಿಕೊಂಡನು. ಅಂದು ವಿದ್ಯುತ್ತಿನ ಮೈಕಿರಲಿಲ್ಲ; ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ತಟ್ಟೆಯ ಒಂದು ಬದಿಗೆ ಮೂರು ನಿಮಿಷಗಳ ಸುಮಾರಿಗೆ ಜಾಗ. ಹಾಡು ಮುಗಿದೊಡನೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವುದು ಯಾರ ಹಾಡೆಂದು ಗೊತ್ತಾಗಬೇಕಲ್ಲವೆ? ಇಂದು ನಮ್ಮ ಕಂಪ್ಯೂಟರುಗಳಲ್ಲಿ ‘ರೆಕಾರ್ಡಿಂಗ್ ೧೪’, ‘ರೆಕಾರ್ಡಿಂಗ್ ೧೫’ ಎಂಬ ಹೆಸರಿಲ್ಲದ ಕಡತಗಳು ಎಷ್ಟಿವೆ! ಹಾಡಿದವರು ಯಾರು, ಊರು ಯಾವುದು, ತಾರೀಖು ಏನು ಎಂದು ಮೊದಲಿಗೇ ಮೈಕಿನಲ್ಲಿ ಹೇಳಿಬಿಟ್ಟರೆ ಮೊಮ್ಮಕ್ಕಳು ತಡಕಾಡಬೇಕಾಗುವುದಿಲ್ಲ.

೧೯೨೫ರಲ್ಲಿ ವಿದ್ಯುತ್ ಮುದ್ರಣ ಬಂದಿತು. ಕಹಳೆ ಹೋಗಿ ಮೈಕು ಬಂದರೂ ಮೂರು ನಿಮಿಷದ ಕಟ್ಟು ಉಳಿಯಿತು. ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲಿರುವ ಹಾನಗಲ್ಲು ನಮ್ಮ ಜಿಲ್ಲೆಯದೇ. ೧೯೩೦ರ ದಶಕದಲ್ಲಿ ಅವರ ಮೊದಲ ತಟ್ಟೆಗಳು ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಹೊರಬಂದವು. ಅವುಗಳಲ್ಲಿ ಕೇಳುವುದು ಎಳೆಯ, ಎತ್ತರದ ಹೆಣ್ಣುದನಿ. ಮುಂದೆ ಗಂಟಲಿನ ಚಿಕಿತ್ಸೆಯ ತರುವಾಯ ಅವರ ಕಂಠ ತಗ್ಗಿ, ಲೋಕವೆಲ್ಲ ಬಲ್ಲ ಆ ಗಂಭೀರ ನಾದವಾಯಿತು. ಹಳೆಯ ಗಂಗೂಬಾಯಿ ಇಂದು ಉಳಿದಿರುವುದು ಗರಗರ ಸದ್ದಿನ ಆ ತಟ್ಟೆಗಳಲ್ಲಿಯೇ. ಸದ್ದು ಹೆಚ್ಚೆಂದು ಯಾರಾದರೂ ಅವನ್ನು ಎಸೆದಿದ್ದರೆ ಆಗುತ್ತಿದ್ದ ನಷ್ಟವನ್ನು ಊಹಿಸಿಕೊಳ್ಳಿ.

ತಟ್ಟೆಯಲ್ಲಿ ತಪ್ಪಿದರೆ ಮೊದಲಿನಿಂದ ಹಾಡಬೇಕಿತ್ತು. ಈ ಕಷ್ಟವನ್ನು ನೀಗಿದ್ದು ಜರ್ಮನಿಯಲ್ಲಿ ೧೯೩೫ರಲ್ಲಿ ಪ್ರದರ್ಶನಕ್ಕೆ ಬಂದ ಕಾಂತಪಟ್ಟಿಯ ಯಂತ್ರ, ಅಂದರೆ ಟೇಪ್‌ರೆಕಾರ್ಡರು. ಧಾರವಾಡದಲ್ಲಿ ೧೯೫೦ರ ಜನವರಿ ೮ರಂದು ಆಕಾಶವಾಣಿ ಆರಂಭವಾಗಿ ನಮ್ಮ ಸೀಮೆಯ ಗಾಯಕರಿಗೆ ಮೈಕು ಹತ್ತಿರವಾಯಿತು. ಟೇಪಿನ ಕಾಲದಲ್ಲಿ ತಿದ್ದುವುದೆಂದರೆ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕತ್ತರಿಸಿ, ಬೇಡವಾದ ತುಂಡನ್ನು ತೆಗೆದು, ಅಂಟುಪಟ್ಟಿಯಿಂದ ಜೋಡಿಸುವುದು. ತಪ್ಪಿ ಕತ್ತರಿಸಿದರೆ ಹೋಯಿತು. ಆದುದರಿಂದ ಕೈ ಬಹಳ ಎಚ್ಚರದಲ್ಲಿರುತ್ತಿತ್ತು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂದಿತು. ಕ್ರಮೇಣ ಮುದ್ರಣ ನಡುಮನೆಗೆ ಬಂದಿತು. ೨೦೦೦ದಲ್ಲಿ ಬಿಡುಗಡೆಯಾದ ಅಡಾಸಿಟಿಯಂತಹ ಉಚಿತ ತಂತ್ರಾಂಶಗಳಿಂದ ಕತ್ತರಿಸುವ, ತೊಳೆಯುವ ಕೆಲಸವೂ ಮನೆಯವರ ಕೈಗೇ ಬಂದಿತು. ಬ್ಲೇಡಿನ ಭಯ ಹೋಯಿತು. ಅದರೊಡನೆ ಎಚ್ಚರವೂ ಹೋಯಿತೆಂದು ನನಗನ್ನಿಸುತ್ತದೆ.

ಇದು ಪರರನ್ನು ಕುರಿತ ಮಾತಲ್ಲ. ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ಮನೆಯಲ್ಲಿ ನಮ್ಮ ದೊಡ್ಡವ್ವನ ಬೀಸುವ ಪದಗಳನ್ನು ನಾನು ಕಂಪ್ಯೂಟರಿಗೆ ತುಂಬಿಕೊಂಡೆ. ಮೆಣಸಿನಕಾಯಿಯ ಸುಗ್ಗಿ, ಗಾಳಿಯಲ್ಲಿ ಘಾಟು, ಬೀದಿಯಲ್ಲಿ ಲಾರಿ, ತಲೆಯ ಮೇಲೆ ಫ್ಯಾನು. ಆಕೆ ನಡುನಡುವೆ ಕೆಮ್ಮುತ್ತ ಏಳು ಪದ ಹಾಡಿದಳು. ರಾತ್ರಿ ಕುಳಿತು ಸದ್ದು ಕಳೆಯುವ ಗುಂಡಿಯನ್ನು ಒತ್ತಿದೆ, ಮತ್ತೆ ಒತ್ತಿದೆ. ಫ್ಯಾನು ಹೋಯಿತು. ಉಸಿರೂ ಹೋಯಿತು, ಬಳೆಯ ಸದ್ದೂ ಹೋಯಿತು. ಅದನ್ನೇ ಹಳೆಯ ಕಡತದ ಮೇಲೆ ಉಳಿಸಿದೆ. ಮರುದಿನ ಕೇಳಿಸಿದಾಗ ದೊಡ್ಡವ್ವ ಅಂದದ್ದಿಷ್ಟು: “ಇದು ನನ್ನ ದನಿ ಅಲ್ಲ ತಮ್ಮಾ, ಬಾವ್ಯಾಗ ಬಿದ್ದಾಕಿ ಹಾಡಿದಂಗ ಐತಿ.”

ಎರಡನೆಯ ಸಲ ಹಾಡಿಸುವಾಗ ಫ್ಯಾನು ನಿಲ್ಲಿಸಿದೆ. ಬೀದಿಯ ಕಡೆಯ ಕಿಟಕಿ ಮುಚ್ಚಿ, ಗೋಡೆಗೆ ಎರಡು ಕೌದಿ ತೂಗುಹಾಕಿದೆ. ಬರಿಯ ಗೋಡೆಯಿಂದ ಮರಳುವ ಪ್ರತಿಧ್ವನಿಯನ್ನು ಬಟ್ಟೆ ಹೀರಿಕೊಳ್ಳುತ್ತದೆ. ಕಂಪ್ಯೂಟರಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿದೊಡನೆ ಒಳಗಿನಿಂದ ಬರುತ್ತಿದ್ದ ‘ಗುಂಯ್’ ನಿಂತಿತು. ಅದು ಮನೆಯ ೫೦ ಹರ್ಟ್ಸಿನ ವಿದ್ಯುತ್ತಿನ ಗುಂಜಾರವ, ಅರ್ಥಿಂಗ್ ಸರಿಯಿಲ್ಲದ ಕಡೆ ಹೆಚ್ಚು. ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿ ಇಟ್ಟೆ. ಪಕಾರ ಬಕಾರಗಳ ಗಾಳಿ ನೇರವಾಗಿ ಬಡಿಯಲಿಲ್ಲ.

ಮಟ್ಟದ ವಿಷಯವನ್ನೂ ಹೇಳಬೇಕು. ಸಿ.ಡಿ.ಯ ಅಳತೆಯಲ್ಲಿ ಕಂಪ್ಯೂಟರು ದನಿಯನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು, ಪ್ರತಿ ಸಲವೂ ೬೫,೫೩೬ ಮೆಟ್ಟಿಲುಗಳಲ್ಲಿ ಒಂದರ ಮೇಲೆ ಇಡುತ್ತದೆ. ಕೊನೆಯ ಮೆಟ್ಟಿಲನ್ನು ಮೀರಿದ ಡೊಳ್ಳಿನ ಪೆಟ್ಟು ತಲೆ ಕಡಿಸಿಕೊಂಡು ಒಡಕಾಗುತ್ತದೆ. ಬಳ್ಳದಿಂದ ಚೆಲ್ಲಿದ ಕಾಳನ್ನಾದರೂ ಆರಿಸಿಕೊಳ್ಳಬಹುದು. ಹೀಗೆ ಚೆಲ್ಲಿದ ದನಿಯನ್ನು ಪೂರ್ತಿಯಾಗಿ ಮರಳಿ ಪಡೆಯಲಾಗದು. ಆದುದರಿಂದ ಅತಿ ಗಟ್ಟಿಯಾದ ಭಾಗವನ್ನು ಮೊದಲು ಹಾಡಿಸಿ ನೋಡಿ, ಮೇಲೆ ಸಾಕಷ್ಟು ಜಾಗ ಬಿಟ್ಟು ಮಟ್ಟವನ್ನು ಗೊತ್ತುಮಾಡಬೇಕು. ಹಾಡಿಗೆ ಮುಂಚೆ ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನೇ ಮುದ್ರಿಸಬೇಕು. ಕಳೆಯಬೇಕಾದ ಸದ್ದು ಯಾವುದೆಂದು ತಂತ್ರಾಂಶ ತಿಳಿಯುವುದು ಆ ಮೌನದಿಂದಲೇ. ಅದನ್ನೂ ಅಲ್ಪವಾಗಿ ಕಳೆಯಬೇಕು; ದನಿ ನೀರುನೀರಾದರೆ ಹಿಂದೆ ಸರಿಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು, ಮೂಲಪ್ರತಿಯನ್ನು ಮುಟ್ಟಬಾರದು. ಅದನ್ನು ವೇವ್ ರೂಪದಲ್ಲಿ ಎರಡು ಕಡೆ ಇಟ್ಟು, ನಕಲಿನ ಮೇಲೆ ಕೈಯಾಡಿಸಬೇಕು. ಎಂಪಿ೩ ಹಂಚಲು ಅನುಕೂಲ, ಕಾಪಿಡಲು ಅಲ್ಲ; ಕಿವಿಗೆ ತಿಳಿಯದೆಂದು ಬಗೆದ ಭಾಗವನ್ನು ಅದು ಬಿಟ್ಟುಬಿಡುತ್ತದೆ.

ಆ ಎರಡನೆಯ ಮುದ್ರಣ ಚೆನ್ನಾಗಿ ಬಂದಿದೆ. ಬಳೆಯ ಸದ್ದು ಅದರಲ್ಲಿದೆ, ಎರಡು ಕಡೆ ಕೆಮ್ಮೂ ಇದೆ, ನಾನು ತೆಗೆದಿಲ್ಲ. ಆದರೆ ಅದರಲ್ಲಿರುವುದು ಆರೇ ಪದ. ಏಳನೆಯದು ದೊಡ್ಡವ್ವನ ನೆನಪಿಗೆ ಬರಲಿಲ್ಲ. “ಆವತ್ತ ಬಂದಿತ್ತು, ಇವತ್ತ ಒಲ್ಲದು” ಎಂದಳು. ಈಗ ಆಕೆಯೂ ಇಲ್ಲ. ಏಳನೆಯ ಪದ ನನ್ನಲ್ಲಿರುವುದು ಬಾವಿಯೊಳಗಿನ ಆ ದನಿಯಲ್ಲಿಯೇ. ಅದನ್ನು ಹಾಗೆಯೇ ಇಟ್ಟುಕೊಂಡಿದ್ದೇನೆ.